ಚರ್ಮದ ಕ್ಯಾನ್ಸರಿನ ಮುಲಾಮು ಹಚ್ಚುತ್ತಲೇ ಕೆಲಸಕ್ಕೆ ಹೋಗುವುದು ಹೇಗೆ: ಚೀಟಿ ಕೈಗೆ ಬಂದ ದಿನದಿಂದ ಗಾಯ ಮಾಯುವವರೆಗೆ

ಚರ್ಮದ ಕ್ಯಾನ್ಸರಿಗೆಂದು ವೈದ್ಯರು ಬರೆದುಕೊಟ್ಟ ಮುಲಾಮನ್ನು ಅರ್ಧಕ್ಕೇ ನಿಲ್ಲಿಸಿ ಬರುವವರನ್ನು ಔಷಧ ಅಂಗಡಿಯ ಕೌಂಟರಿನಲ್ಲಿ ನಿಂತು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಅವರು ಬರುವುದು ಹೆಚ್ಚಾಗಿ ಹತ್ತನೆಯ ಮತ್ತು ಹದಿನೈದನೆಯ ದಿನಗಳ ನಡುವೆ. ಹಚ್ಚಿದ ಜಾಗ ಕೆಂಪೇರಿ ಕಿತ್ತು ನೀರು ಒಸರುತ್ತಿರುತ್ತದೆ, ಮರುದಿನ ಕೆಲಸಕ್ಕೆ ಹೋಗಲೇಬೇಕಾಗಿರುತ್ತದೆ, ಕೈಯಲ್ಲಿ ಮುಲಾಮಿನ ಟ್ಯೂಬ್ ಇರುತ್ತದೆ, ಬಾಯಲ್ಲಿ ಒಂದೇ ಮಾತು ಇರುತ್ತದೆ: "ಇದು ಸುಟ್ಟುಬಿಟ್ಟಿದೆ, ಬೇರೆ ಏನಾದರೂ ಕೊಡಿ." ಆ ಹೊತ್ತಿಗೆ ಮುಲಾಮು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ. ಕೊರತೆ ಇರುವುದು ಮೊದಲ ದಿನಕ್ಕಿಂತ ಮುಂಚೆ ಆಗಬೇಕಿದ್ದ ಸಿದ್ಧತೆಯಲ್ಲಿ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹಚ್ಚುವ ವಿಧಾನಕ್ಕೆ ಎಷ್ಟು ಜಾಗವಿದೆಯೋ ಹಚ್ಚುವ ಮುನ್ನ ಮಾಡಬೇಕಾದ ಕೆಲಸಕ್ಕೂ ಅಷ್ಟೇ ಇದೆ. ಪ್ರಮಾಣ ಮತ್ತು ಅವಧಿಯ ವಿಷಯದಲ್ಲಿ ನಿಮ್ಮ ವೈದ್ಯರ ಚೀಟಿಯೇ ಅಂತಿಮ; ಇಲ್ಲಿರುವ ಅಂಕಿಗಳು ಆ ಚೀಟಿಯನ್ನು ಅರ್ಥಮಾಡಿಕೊಳ್ಳಲು ಮಾತ್ರ.

ಹಂತ 1: ಯಾವ ಕಾಯಿಲೆ, ಯಾವ ಮುಲಾಮು ಎಂಬುದನ್ನು ಖಚಿತಪಡಿಸಿಕೊಳ್ಳಿ

ಮುಲಾಮಿನಿಂದ ಗುಣವಾಗುವುದು ಚರ್ಮದ ಮೇಲ್ಪದರದಲ್ಲೇ ಇರುವ ಕಾಯಿಲೆ ಮಾತ್ರ. ಬೋವೆನ್ಸ್ ಕಾಯಿಲೆ (ಮೇಲ್ಪದರ ದಾಟದ, ಆರಂಭದ ಹಂತದ ಚರ್ಮದ ಕ್ಯಾನ್ಸರ್), ಮೇಲ್ಪದರದ ಬೇಸಲ್ ಸೆಲ್ ಕಾರ್ಸಿನೋಮ (ಚರ್ಮದ ಕ್ಯಾನ್ಸರಿನ ನಿಧಾನವಾಗಿ ಬೆಳೆಯುವ ಒಂದು ಬಗೆ) ಮತ್ತು ಕ್ಯಾನ್ಸರಿಗೆ ಮುಂಚಿನ ಸ್ಥಿತಿಯಾದ ಆ್ಯಕ್ಟಿನಿಕ್ ಕೆರಟೋಸಿಸ್ ಈ ಗುಂಪಿಗೆ ಸೇರುತ್ತವೆ. ಆಳಕ್ಕೆ ಇಳಿದ ಗಂಟಿಗೆ ಅಥವಾ ಆಳಕ್ಕೆ ಹಬ್ಬಿದ ಮೆಲನೋಮಕ್ಕೆ (ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರಿಗೆ) ಈ ಮುಲಾಮು ಚಿಕಿತ್ಸೆಯಲ್ಲ. ಮೇಲೆ ಹಚ್ಚಿ ಮೇಲ್ಭಾಗ ಮಾಯ್ದರೂ ಒಳಗಿನದು ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಬಯಾಪ್ಸಿ (ಚರ್ಮದ ಚೂರು ತೆಗೆದು ಮಾಡುವ ಪರೀಕ್ಷೆ) ವರದಿ ಬರುವ ಮುನ್ನ ಪರಿಚಯದವರ ಟ್ಯೂಬ್ ತೆಗೆದುಕೊಂಡು ಹಚ್ಚುವ ಸಾಹಸ ಬೇಡವೇ ಬೇಡ.

ಬಳಕೆಯಲ್ಲಿರುವ ಮುಖ್ಯ ಮುಲಾಮುಗಳು ಎರಡು. ಶೇ. 5ರ ಫ್ಲೋರೋಯುರಾಸಿಲ್, ವೇಗವಾಗಿ ವಿಭಜಿಸುವ ಕೋಶಗಳನ್ನು ನೇರವಾಗಿ ಕೊಲ್ಲುತ್ತದೆ. ಶೇ. 5ರ ಇಮಿಕ್ವಿಮೋಡ್, ದೇಹದ ರೋಗನಿರೋಧಕ ಶಕ್ತಿಯನ್ನೇ ಆ ಜಾಗದ ಮೇಲೆ ಎಬ್ಬಿಸುತ್ತದೆ. ಫ್ಲೋರೋಯುರಾಸಿಲನ್ನು ಸಾಮಾನ್ಯವಾಗಿ ದಿನಕ್ಕೆ ಒಂದು ಅಥವಾ ಎರಡು ಸಲ, 3ರಿಂದ 6 ವಾರ ಹಚ್ಚಲು ಹೇಳುತ್ತಾರೆ. ಕೆಲವರಿಗೆ ಇನ್ನೂ ಹೆಚ್ಚು ವಾರ ಬೇಕಾಗುತ್ತದೆ. ಮೇಲ್ಪದರದ ಬೇಸಲ್ ಸೆಲ್ ಕಾರ್ಸಿನೋಮಕ್ಕೆ ಇಮಿಕ್ವಿಮೋಡನ್ನು ವಾರಕ್ಕೆ 5 ರಾತ್ರಿಯಂತೆ 6 ವಾರ ಹಚ್ಚುವುದು ರೂಢಿ. ಒಂದರ ಕ್ರಮವನ್ನು ಇನ್ನೊಂದಕ್ಕೆ ಅನ್ವಯಿಸಬಾರದು.

ಅಂಗಡಿಯಲ್ಲಿ ಟ್ಯೂಬ್ ಕೈಗೆ ಬಂದ ಕೂಡಲೇ ಅದರ ಮೇಲಿನ ಶೇಕಡಾ ಪ್ರಮಾಣ ಓದಿ. ಫ್ಲೋರೋಯುರಾಸಿಲ್ ಕಡಿಮೆ ಸಾಂದ್ರತೆಯ ಟ್ಯೂಬ್‌ಗಳಲ್ಲೂ ಬರುತ್ತದೆ, ಪೊಟ್ಟಣ ನೋಡಲು ಒಂದೇ ಥರ ಇರಬಹುದು. ವೈದ್ಯರ ಮುಂದೆ ಕುಳಿತಾಗಲೇ ಐದು ಸಂಗತಿಗಳನ್ನು ಬರೆಸಿಕೊಳ್ಳಿ: ಮುಲಾಮಿನ ಹೆಸರು, ಎಲ್ಲಿಂದ ಎಲ್ಲಿಯವರೆಗೆ ಹಚ್ಚಬೇಕು, ದಿನಕ್ಕೆ ಎಷ್ಟು ಸಲ, ಯಾವ ತಾರೀಖಿಗೆ ನಿಲ್ಲಿಸಬೇಕು, ತೊಂದರೆಯಾದರೆ ಯಾವ ನಂಬರಿಗೆ ಕರೆ ಮಾಡಬೇಕು. ಹಚ್ಚುವ ಗಡಿಯನ್ನು ಪೆನ್ನಿನಿಂದ ಚರ್ಮದ ಮೇಲೆ ಗುರುತು ಹಾಕಿಸಿಕೊಂಡು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮೂರನೆಯ ವಾರದಲ್ಲಿ ಸುತ್ತಲೆಲ್ಲ ಕೆಂಪಾದಾಗ ಮೂಲ ಜಾಗ ಯಾವುದು ಎಂದು ಹೇಳುವುದು ಆ ಫೋಟೊ ಒಂದೇ.

ಇಲ್ಲೊಂದು ಮಾತು ನಮ್ಮ ನಾಡಿನವರಿಗಾಗಿ. ರಾಯಚೂರು, ಯಾದಗಿರಿ ಜಿಲ್ಲೆಗಳ ಚಿನ್ನದ ಅದಿರಿನ ಸೀಮೆಯ ಕೆಲವು ಹಳ್ಳಿಗಳಲ್ಲಿ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದು ಪತ್ತೆಯಾಗಿದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಬೋವೆನ್ಸ್ ಕಾಯಿಲೆ ಒಂದೇ ಕಡೆ ಬರದೆ, ಬಟ್ಟೆಯ ಅಡಿಯಲ್ಲಿ ಬಿಸಿಲೇ ಕಾಣದ ಜಾಗಗಳಲ್ಲೂ ಹಲವು ಮಚ್ಚೆಗಳಾಗಿ ಬರಬಹುದು. ನೀವು ಅಲ್ಲಿ ಬೆಳೆದವರಾಗಿದ್ದರೆ ಅದನ್ನು ವೈದ್ಯರಿಗೆ ಹೇಳಿ, ಇಡೀ ಮೈ ತೋರಿಸಿ. ಕೈಮೇಲಿನ ಒಂದು ಮಚ್ಚೆಗೆ ಮುಲಾಮು ಹಚ್ಚಿ ಬೆನ್ನಿನದನ್ನು ಮರೆತರೆ ಕೆಲಸ ಅರ್ಧವೇ ಆದಂತೆ.

ಹಂತ 2: ಹಚ್ಚುವ ಮುನ್ನ ವೈದ್ಯರಿಗೆ ಮುಚ್ಚಿಡದೆ ಹೇಳಬೇಕಾದದ್ದು

ಗರ್ಭಿಣಿಯರು ಫ್ಲೋರೋಯುರಾಸಿಲ್ ಬಳಸುವಂತಿಲ್ಲ. ಗರ್ಭ ಧರಿಸುವ ಯೋಚನೆಯಲ್ಲಿರುವವರು, ಹಾಲುಣಿಸುವ ತಾಯಂದಿರು ಮೊದಲೇ ತಿಳಿಸಬೇಕು. ದೇಹದಲ್ಲಿ ಈ ಔಷಧವನ್ನು ಕರಗಿಸುವ ಡಿಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಿಗೂ ಇದು ಅಪಾಯಕಾರಿ. ಮನೆಯಲ್ಲಿ ಯಾರಿಗಾದರೂ ಕೀಮೋಥೆರಪಿಯಲ್ಲಿ ಇದೇ ಔಷಧದಿಂದ ವಿಪರೀತ ತೊಂದರೆಯಾಗಿದ್ದರೆ ಅದನ್ನೂ ಹೇಳಿ. ಮೂರ್ಛೆರೋಗಕ್ಕೆ ಫೆನಿಟಾಯಿನ್ ನುಂಗುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ ಇರುವವರು ತಮ್ಮ ಎಲ್ಲ ಮಾತ್ರೆಗಳನ್ನೂ ತೋರಿಸಬೇಕು.

ಮನೆಯಲ್ಲಿ ನಾಯಿ ಅಥವಾ ಬೆಕ್ಕು ಇದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಫ್ಲೋರೋಯುರಾಸಿಲ್ ಸ್ವಲ್ಪವೇ ಹೊಟ್ಟೆಗೆ ಹೋದರೂ ಸಾಕುಪ್ರಾಣಿಗಳು ಸಾಯಬಹುದು. ಟ್ಯೂಬನ್ನು ಕಚ್ಚುವುದರಿಂದಲೂ ಹಚ್ಚಿದ ಕೈಯನ್ನು ನೆಕ್ಕುವುದರಿಂದಲೂ ಅಪಾಯವಿದೆ.

ಹಂತ 3: ಮೊದಲ ದಿನವನ್ನು ಕೆಲಸದ ಕ್ಯಾಲೆಂಡರ್ ನೋಡಿ ಆರಿಸಿ

ಹೆಚ್ಚಿನವರು ಎಡವುವುದು ಇಲ್ಲಿ. ಟ್ಯೂಬ್ ಕೊಂಡ ಸಂಜೆಯೇ ಹಚ್ಚಲು ಶುರುಮಾಡುತ್ತಾರೆ, ಎರಡು ವಾರ ಕಳೆಯುವಾಗ ಮಗಳ ನಿಶ್ಚಿತಾರ್ಥವೋ ಭತ್ತದ ಕೊಯ್ಲೋ ಶಾಲೆಯ ಪರೀಕ್ಷೆಯೋ ಎದುರಿಗೆ ಬರುತ್ತದೆ. ಮೇಲ್ಪದರದ ಈ ಕಾಯಿಲೆಗಳು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವಂಥವು, ಆದ್ದರಿಂದ ವೈದ್ಯರ ಒಪ್ಪಿಗೆ ಪಡೆದು ಒಂದೆರಡು ವಾರ ಮುಂದೂಡಿ ಸರಿಯಾದ ದಿನ ಆರಿಸಿಕೊಳ್ಳುವುದು ಅವಸರದಿಂದ ಆರಂಭಿಸಿ ನಡುವೆ ನಿಲ್ಲಿಸುವುದಕ್ಕಿಂತ ಎಷ್ಟೋ ಮೇಲು.

ಫ್ಲೋರೋಯುರಾಸಿಲ್ ಹಚ್ಚಿದಾಗ ಚರ್ಮ ಸಾಗುವ ದಾರಿ ಸರಿಸುಮಾರು ಹೀಗಿರುತ್ತದೆ. ಮೊದಲ ವಾರ ತುಸು ಬಣ್ಣ ಬದಲಾವಣೆ, ತುರಿಕೆ. ಎರಡನೆಯ ವಾರ ಉರಿ, ಊತ, ಸಿಪ್ಪೆ ಏಳುವಿಕೆ. ಮೂರು, ನಾಲ್ಕನೆಯ ವಾರ ಹುಣ್ಣು, ರಸಿಕೆ, ಹಕ್ಕಳೆ. ನಿಲ್ಲಿಸಿದ ಮೇಲೆ ಹೊಸ ಚರ್ಮ ಬಂದು ಪೂರ್ತಿ ಮಾಯಲು ಇನ್ನೂ ಕೆಲವು ವಾರ, ಕೆಲವರಿಗೆ ಒಂದೆರಡು ತಿಂಗಳೇ ಹಿಡಿಯುತ್ತದೆ. ನಮ್ಮ ಕಂದು ಬಣ್ಣದ ಚರ್ಮದಲ್ಲಿ ಪುಸ್ತಕದ ಚಿತ್ರದಂಥ ಕೆಂಪು ಕಾಣದೆ ಕಡುಕಂದು ಅಥವಾ ನೇರಳೆ ಛಾಯೆ ಕಾಣಬಹುದು. ಅದೂ ಉರಿಯೂತವೇ.

ಈಗ ಕ್ಯಾಲೆಂಡರ್ ತೆಗೆದುಕೊಂಡು ಮೊದಲ ದಿನಕ್ಕೆ ಒಂದು ಗುರುತು ಹಾಕಿ, ಅಲ್ಲಿಂದ ಎರಡನೆಯ ವಾರದ ಕೊನೆಯಿಂದ ನಿಲ್ಲಿಸುವ ತಾರೀಖಿನ ನಂತರದ ಎರಡು ವಾರದವರೆಗೆ ಗೆರೆ ಎಳೆಯಿರಿ. ನಿಮ್ಮ ಕಷ್ಟದ ದಿನಗಳು ಈ ಗೆರೆಯೊಳಗಿವೆ. ಮದುವೆ, ದೂರ ಪ್ರಯಾಣ, ಸಂದರ್ಶನ, ಬಿಸಿಲಿನ ಭಾರೀ ಕೆಲಸ ಈ ಗೆರೆಯ ಹೊರಗೆ ಬೀಳುವಂತೆ ನೋಡಿಕೊಳ್ಳಿ. ಹೊಲದಲ್ಲಿ, ರಸ್ತೆ ಕಾಮಗಾರಿಯಲ್ಲಿ ದುಡಿಯುವವರು ಮಾರ್ಚ್‌ನಿಂದ ಮೇವರೆಗಿನ ಬಿರುಬಿಸಿಲನ್ನು ತಪ್ಪಿಸಬಹುದೇ ಎಂದು ವೈದ್ಯರನ್ನು ಕೇಳಬೇಕು.

ಇಮಿಕ್ವಿಮೋಡ್ ಹಚ್ಚುವವರಿಗೆ ಇನ್ನೊಂದು ಲೆಕ್ಕವಿದೆ. ಕೆಲವರಿಗೆ ಫ್ಲೂ ಬಂದಂತೆ ಜ್ವರ, ಮೈಕೈ ನೋವು, ಸುಸ್ತು ಆಗುತ್ತದೆ. ಬಸ್ಸು ಲಾರಿ ಓಡಿಸುವವರು, ಯಂತ್ರದ ಮುಂದೆ ನಿಲ್ಲುವವರು, ಎತ್ತರದಲ್ಲಿ ಕೆಲಸ ಮಾಡುವವರು ಮೊದಲ ಎರಡು ವಾರ ತಮ್ಮ ಮೈ ಹೇಗೆ ಸ್ಪಂದಿಸುತ್ತದೆ ಎಂದು ನೋಡದೆ ಅಂಥ ಪಾಳಿಗಳನ್ನು ಒಪ್ಪಿಕೊಳ್ಳಬಾರದು.

ಮೇಲಧಿಕಾರಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಗಿಲ್ಲ. "ಚರ್ಮದ ಚಿಕಿತ್ಸೆ ನಡೆಯುತ್ತಿದೆ, ಇಷ್ಟು ವಾರ ಗಾಯ ಕಾಣುತ್ತದೆ, ಇದು ಅಂಟುವ ಕಾಯಿಲೆಯಲ್ಲ, ಬಿಸಿಲಿನ ಕೆಲಸ ಬೇಡವೆಂದು ವೈದ್ಯರು ಹೇಳಿದ್ದಾರೆ" ಎಂಬಷ್ಟನ್ನು ವೈದ್ಯರ ಪತ್ರದೊಂದಿಗೆ ಮೊದಲೇ ತಿಳಿಸಿದರೆ ಸಾಕು. ಗಾಯ ಕಂಡ ಮೇಲೆ ವಿವರಿಸಲು ಹೊರಟರೆ ಜನ ಕುಷ್ಠವೋ ಹುಳುಕಡ್ಡಿಯೋ ಎಂದು ತಾವೇ ತೀರ್ಮಾನಿಸಿರುತ್ತಾರೆ, ಅದನ್ನು ಅಳಿಸುವುದು ಕಷ್ಟ. ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುವವರು ಇಎಸ್‌ಐ ವೈದ್ಯರ ಬಳಿ ಮೊದಲೇ ನೋಂದಾಯಿಸಿಕೊಳ್ಳಿ. ವಂತಿಗೆಯ ಷರತ್ತು ಪೂರೈಸಿದವರಿಗೆ ಕಾಯಿಲೆ ರಜೆಯ ದಿನಗಳಿಗೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟು ಸಿಗುತ್ತದೆ, ಆದರೆ ಅದಕ್ಕೆ ಇಎಸ್‌ಐ ವೈದ್ಯರ ಪ್ರಮಾಣಪತ್ರ ಬೇಕು.

ಹಂತ 4: ಬೇಕಾದ ಸಾಮಾನು ಒಂದೆಡೆ ಜೋಡಿಸಿಟ್ಟುಕೊಳ್ಳಿ

ಬಳಸಿ ಎಸೆಯುವ ಕೈಗವಸು ಅಥವಾ ಹತ್ತಿ ಸುತ್ತಿದ ಕಡ್ಡಿ (ಲೋಹದ ಚಮಚ, ಕಡ್ಡಿ ಬೇಡ), ಪರಿಮಳವಿಲ್ಲದ ಸೌಮ್ಯ ಸಾಬೂನು, ಗಾಳಿಯಾಡುವ ಗಾಜ್ ಬಟ್ಟೆ ಮತ್ತು ಕಾಗದದ ಟೇಪು, ಪೆಟ್ರೋಲಿಯಂ ಜೆಲ್ಲಿ, ಪ್ರತ್ಯೇಕ ಟವೆಲ್ ಮತ್ತು ದಿಂಬಿನ ಕವರ್, ಅಗಲ ಅಂಚಿನ ಟೋಪಿ, ತೋಳು ಪೂರ್ತಿ ಮುಚ್ಚುವ ಸಡಿಲ ಹತ್ತಿ ಅಂಗಿ. ಮುಚ್ಚಳ ಬಿಗಿಯಾಗಿರುವ ಡಬ್ಬಿಯೊಂದರಲ್ಲಿ ಟ್ಯೂಬನ್ನು ಇಟ್ಟು ಮಕ್ಕಳಿಗೂ ಪ್ರಾಣಿಗಳಿಗೂ ಸಿಗದಂತೆ ಎತ್ತರದಲ್ಲಿಡಿ. ಟೂತ್‌ಪೇಸ್ಟ್ ಇರುವ ಕಪಾಟಿನಲ್ಲಂತೂ ಇಡಲೇಬೇಡಿ.

ಹಂತ 5: ಹಚ್ಚುವ ಕ್ರಮ

ಜಾಗವನ್ನು ಸೌಮ್ಯ ಸಾಬೂನಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ, ಹತ್ತು ನಿಮಿಷ ಒಣಗಲು ಬಿಡಿ. ಹಸಿ ಚರ್ಮಕ್ಕೆ ಹಚ್ಚಿದರೆ ಮುಲಾಮು ಗಡಿ ದಾಟಿ ಹರಿಯುತ್ತದೆ, ಉರಿಯೂ ಹೆಚ್ಚು.

ಕೈಗವಸು ಹಾಕಿಕೊಂಡು ತೆಳುವಾಗಿ ಸವರಿ. ಒಂದೂವರೆ ಸೆಂಟಿಮೀಟರಿನಷ್ಟು ಅಗಲದ ಮಚ್ಚೆಗೆ ಕಾಳುಮೆಣಸಿನ ಗಾತ್ರದ ಮುಲಾಮು ಧಾರಾಳವಾಯಿತು. ಬೇಸಲ್ ಸೆಲ್ ಕಾರ್ಸಿನೋಮಕ್ಕೆ ಇಮಿಕ್ವಿಮೋಡ್ ಹಚ್ಚುವಾಗ ಮಚ್ಚೆಯ ಸುತ್ತ ಒಂದು ಸೆಂಟಿಮೀಟರ್ ಆರೋಗ್ಯವಂತ ಚರ್ಮವನ್ನೂ ಸೇರಿಸಿಕೊಳ್ಳಬೇಕು, ಏಕೆಂದರೆ ಕಾಯಿಲೆ ಕಣ್ಣಿಗೆ ಕಾಣುವ ಅಂಚಿನಲ್ಲೇ ನಿಂತಿರುವುದಿಲ್ಲ. ದಪ್ಪಗೆ ಮೆತ್ತಿದರೆ ಬೇಗ ವಾಸಿಯಾಗುವುದಿಲ್ಲ. ಉರಿ ಮಾತ್ರ ಹೆಚ್ಚುತ್ತದೆ, ನಡುವೆ ನಿಲ್ಲಿಸುವ ಸಂಭವವೂ ಹೆಚ್ಚುತ್ತದೆ.

ಕಣ್ಣು, ಮೂಗಿನ ಹೊಳ್ಳೆ, ತುಟಿಯಿಂದ ದೂರವಿರಿ. ಕೈಗವಸು ಕಳಚಿದ ಮೇಲೂ ಸಾಬೂನು ಹಾಕಿ ಕೈ ತೊಳೆಯಲೇಬೇಕು, ಸ್ಯಾನಿಟೈಸರ್ ಸವರಿಕೊಂಡರೆ ಸಾಲದು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದನ್ನು ಹಾಕಿದ ಮೇಲೆಯೇ ಮುಲಾಮು ಮುಟ್ಟಲಿ.

ಇಮಿಕ್ವಿಮೋಡನ್ನು ಮಲಗುವ ಹೊತ್ತಿಗೆ ಹಚ್ಚಿ, ಸುಮಾರು 8 ಗಂಟೆಯ ನಂತರ ಬೆಳಿಗ್ಗೆ ತೊಳೆಯಬೇಕು. ಸೋಮವಾರದಿಂದ ಶುಕ್ರವಾರದ ರಾತ್ರಿಯವರೆಗೆ ಹಚ್ಚಿ ಎರಡು ರಾತ್ರಿ ಬಿಡುವುದು ನೆನಪಿಡಲು ಸುಲಭ. ಒಮ್ಮೆ ಒಡೆದ ಇಮಿಕ್ವಿಮೋಡ್ ಪೊಟ್ಟಣದಲ್ಲಿ ಉಳಿದದ್ದನ್ನು ನಾಳೆಗೆಂದು ಮಡಚಿಡದೆ ಎಸೆಯಿರಿ. ಫ್ಲೋರೋಯುರಾಸಿಲ್ ದಿನಕ್ಕೆ ಎರಡು ಸಲ ಇದ್ದರೆ ಬೆಳಗಿನದನ್ನು ಮನೆ ಬಿಡುವ ಒಂದು ಗಂಟೆ ಮುಂಚೆ ಹಚ್ಚಿ ಒಣಗಿಸಿಕೊಳ್ಳಿ, ಸಂಜೆಯದನ್ನು ಸ್ನಾನವಾದ ಮೇಲೆ ಹಚ್ಚಿ. ಟ್ಯೂಬನ್ನು ಕೆಲಸದ ಜಾಗಕ್ಕೆ ಒಯ್ಯಬೇಡಿ.

ಒಂದು ಹೊತ್ತು ಮರೆತರೆ ಬಿಟ್ಟುಬಿಡಿ, ಮುಂದಿನ ಹೊತ್ತಿಗೆ ಎಂದಿನಷ್ಟೇ ಹಚ್ಚಿ.

ಹಂತ 6: ಕೆಲಸದ ಜಾಗದಲ್ಲಿ

ಬಿಸಿಲು ಉರಿಯೂತವನ್ನು ಏರಿಸುತ್ತದೆ. ಹುಣ್ಣಾದ ಚರ್ಮದ ಮೇಲೆ ಸನ್‌ಸ್ಕ್ರೀನ್ ಬಳಿಯುವುದಕ್ಕಿಂತ ಬಟ್ಟೆಯಿಂದ ಮುಚ್ಚುವುದೇ ಸರಿ. ತಲೆಗೆ ಟವೆಲ್ ಸುತ್ತುವ ಅಭ್ಯಾಸ ನಮ್ಮ ರೈತರಿಗೆ ಇದ್ದೇ ಇದೆ. ಹಣೆ, ಕಿವಿ, ಕತ್ತು ಮೂರೂ ನೆರಳಿಗೆ ಬರುವಂತೆ ಅದನ್ನು ಸುತ್ತಿ, ಅದೇ ಟವೆಲಿನಿಂದ ಬೆವರು ಒರೆಸದಿರಿ. ವೆಲ್ಡಿಂಗ್ ಮಾಡುವವರು ಗಮನಿಸಬೇಕಾದದ್ದು: ಆರ್ಕ್‌ನಿಂದ ಹೊಮ್ಮುವ ಬೆಳಕಿನಲ್ಲಿಯೂ ಅತಿನೇರಳೆ ಕಿರಣಗಳಿವೆ. ಮುಖಕ್ಕೆ ಶೀಲ್ಡ್ ಇದ್ದರೂ ಅಂಗಿಯ ಕೊರಳಿನ ತ್ರಿಕೋನ ಮತ್ತು ಮಣಿಕಟ್ಟು ತೆರೆದಿರುತ್ತವೆ.

ಬೆಂಕಿಯ ಹತ್ತಿರ ದುಡಿಯುವ ಅಡುಗೆಯವರು, ವೆಲ್ಡರ್‌ಗಳು, ಕುಲುಮೆಯವರು ಪೆಟ್ರೋಲಿಯಂ ಜೆಲ್ಲಿಯ ವಿಷಯದಲ್ಲಿ ಎಚ್ಚರದಿಂದಿರಬೇಕು. ಜೆಲ್ಲಿ ಹೀರಿದ ಬಟ್ಟೆ, ಬ್ಯಾಂಡೇಜು ಬೆಂಕಿ ತಾಗಿದರೆ ಬಹಳ ವೇಗವಾಗಿ ಹತ್ತಿಕೊಳ್ಳುತ್ತವೆ, ಒಂದು ಸಲ ಒಗೆದರೂ ಆ ಜಿಡ್ಡು ಪೂರ್ತಿ ಹೋಗುವುದಿಲ್ಲ. ಜೆಲ್ಲಿಯನ್ನು ಪಾಳಿ ಮುಗಿದ ಮೇಲೆ ಮಾತ್ರ ಸವರಿ.

ಗಾಯ ಕಾಣುವುದು ಮುಜುಗರವಾದರೆ ಗಾಳಿಯಾಡುವ ಗಾಜ್ ಬಟ್ಟೆಯನ್ನು ಸಡಿಲವಾಗಿ ಅಂಟಿಸಬಹುದು. ಪ್ಲಾಸ್ಟಿಕ್ ಪಟ್ಟಿ, ನೀರು ಹೋಗದ ಬ್ಯಾಂಡೇಜು ಬೇಡ. ಅವು ಮುಲಾಮನ್ನು ಒಳಗೆ ಅಮುಕಿ ಹಿಡಿದು ಹುಣ್ಣನ್ನು ಹೆಚ್ಚಿಸುತ್ತವೆ. ಹೆಲ್ಮೆಟ್ಟಿನ ಪಟ್ಟಿ, ಕತ್ತಿನ ಸರ, ಅಂಗಿಯ ಗಟ್ಟಿ ಕಾಲರ್, ಸೊಂಟದಲ್ಲಿ ಲಂಗದ ಲಾಡಿ ಉಜ್ಜುವ ಜಾಗದಲ್ಲಿ ಮಚ್ಚೆಯಿದ್ದರೆ ಆ ಉಜ್ಜಾಟವನ್ನು ಮೊದಲು ತಪ್ಪಿಸಿ. ನನ್ನ ಬಳಿ ಬರುತ್ತಿದ್ದ ಒಬ್ಬ ತಾಯಿ ಲಾಡಿಯ ಬದಲು ಅಗಲವಾದ ಎಲಾಸ್ಟಿಕ್ ಹೊಲಿಸಿಕೊಂಡು, ಅದನ್ನು ನಾಲ್ಕು ಬೆರಳು ಕೆಳಗೆ ಇಳಿಸಿ ಉಟ್ಟು, ಆರು ವಾರವೂ ಹೂವಿನ ಅಂಗಡಿ ತೆರೆದರು. ಅವರಿಗೆ ಸಹಾಯವಾದದ್ದು ಅಷ್ಟೇ ಸಣ್ಣ ಬದಲಾವಣೆ.

ಮಕ್ಕಳನ್ನು ನೋಡಿಕೊಳ್ಳುವವರು, ರೋಗಿಗಳ ಸೇವೆಯಲ್ಲಿರುವವರು, ಅಡುಗೆ ಮಾಡುವವರು ಹಚ್ಚಿದ ಭಾಗ ಇನ್ನೊಬ್ಬರಿಗಾಗಲಿ ಆಹಾರಕ್ಕಾಗಲಿ ತಾಗದಂತೆ ಮುಚ್ಚಿಕೊಳ್ಳಲೇಬೇಕು. ಮಚ್ಚೆ ಅಂಗೈ ಅಥವಾ ಬೆರಳಿನ ಮೇಲಿದ್ದರೆ ಹಗಲಿನ ಹಚ್ಚುವಿಕೆಯನ್ನು ಹೇಗೆ ಹೊಂದಿಸಬೇಕೆಂದು ವೈದ್ಯರನ್ನೇ ಕೇಳಿ.

ಹಂತ 7: ಎರಡನೆಯ ವಾರ ದಾಟುವುದು

ಈ ಹಂತದಲ್ಲಿ ನಡೆಯುವ ತಪ್ಪುಗಳು ಬಹುತೇಕ ಒಂದೇ ಬಗೆಯವು, ಆದ್ದರಿಂದ ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಉರಿ ಕಂಡು ಯಾರನ್ನೂ ಕೇಳದೆ ನಿಲ್ಲಿಸುವುದು. ಹಚ್ಚಿದ ಗಡಿಯ ಒಳಗೆ ಕೆಂಪು, ಊತ, ಕಿತ್ತ ಚರ್ಮ, ತಿಳಿಯಾದ ರಸಿಕೆ, ಹಳದಿ ಹಕ್ಕಳೆ ಕಾಣುವುದು ನಿರೀಕ್ಷಿತ. ಸಹಿಸಲಾಗದಿದ್ದರೆ ವೈದ್ಯರಿಗೆ ಫೋಟೊ ಕಳಿಸಿ. ಅವರು ಕೆಲವು ದಿನ ಬಿಡುವು ಕೊಟ್ಟು ಮತ್ತೆ ಆರಂಭಿಸಲು ಹೇಳಬಹುದು. ಆ ಬಿಡುವನ್ನು ತೀರ್ಮಾನಿಸುವವರು ಅವರೇ ಆಗಿರಬೇಕು.

ಎರಡನೆಯದು ನನ್ನನ್ನು ಅತಿ ಹೆಚ್ಚು ಕಾಡುವ ತಪ್ಪು. ಚೀಟಿ ಇಲ್ಲದೆ ಅಂಗಡಿಯಲ್ಲಿ "ಉರಿಗೆ ಒಂದು ಮುಲಾಮು" ಕೇಳಿದರೆ ಸಿಗುವುದು ಹೆಚ್ಚಾಗಿ ಬೀಟಾಮೆಥಾಸೋನ್ ಅಥವಾ ಕ್ಲೋಬೆಟಸಾಲ್ ಸೇರಿದ ಸ್ಟಿರಾಯ್ಡ್ ಮುಲಾಮು. ಅದನ್ನು ಹಚ್ಚಿದ ಎರಡೇ ದಿನಕ್ಕೆ ಕೆಂಪು ಇಳಿಯುತ್ತದೆ, ರೋಗಿಗೆ ಸಮಾಧಾನವಾಗುತ್ತದೆ. ಆದರೆ ಇಮಿಕ್ವಿಮೋಡ್ ಎಬ್ಬಿಸಿದ ಉರಿಯೂತವೇ ಚಿಕಿತ್ಸೆ. ಅದನ್ನು ಅಡಗಿಸಿದರೆ ಕ್ಯಾನ್ಸರ್ ಕೋಶಗಳನ್ನು ಉಳಿಸಿದಂತೆ. ಚಿಕಿತ್ಸೆ ಮುಗಿದ ಮೇಲೆ ಉರಿ ತಗ್ಗಿಸಲು ವೈದ್ಯರೇ ಸ್ಟಿರಾಯ್ಡ್ ಬರೆದರೆ ಅದು ಬೇರೆ ವಿಚಾರ.

ಮೂರನೆಯದು ಅರಿಶಿನ, ನಿಂಬೆರಸ, ಬೇವಿನೆಣ್ಣೆ, ಲೋಳೆಸರ. ಪ್ರೀತಿಯಿಂದ ಮನೆಯವರು ಹಚ್ಚುವ ಇವುಗಳಿಂದ ಅಲರ್ಜಿಯಾದರೆ ಮುಲಾಮಿನ ಉರಿ ಯಾವುದು, ಅಲರ್ಜಿ ಯಾವುದು ಎಂದು ವೈದ್ಯರಿಗೂ ಹೇಳಲಾಗುವುದಿಲ್ಲ. ಅರಿಶಿನದ ಬಣ್ಣ ಗಾಯದ ಅಂಚನ್ನೇ ಮರೆಮಾಡುತ್ತದೆ.

ನಾಲ್ಕನೆಯದು ಹಕ್ಕಳೆ ಕೀಳುವುದು. ಹಚ್ಚಿದ ಮುಲಾಮು ಹೀರಿಕೊಂಡ ಮೇಲೆ, ವೈದ್ಯರು ಒಪ್ಪಿದರೆ, ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ ಹಕ್ಕಳೆಯನ್ನು ಮೆದುಗೊಳಿಸಿ. ಅದು ತಾನಾಗಿ ಬೀಳಲಿ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಹತ್ತು ನಿಮಿಷ ಇಟ್ಟರೂ ಉರಿ ತಗ್ಗುತ್ತದೆ. ನೋವಿಗೆ ಯಾವ ಮಾತ್ರೆ, ಎಷ್ಟು ಎಂಬುದನ್ನು ಮೊದಲೇ ಬರೆಸಿಟ್ಟುಕೊಂಡಿರಿ.

ಹಚ್ಚಿ ಮೂರು ವಾರವಾದರೂ ಏನೂ ಆಗದಿದ್ದರೆ ಅದೂ ತಿಳಿಸಬೇಕಾದ ವಿಷಯವೇ. ಸಾಂದ್ರತೆ ತಪ್ಪಿರಬಹುದು, ಹಚ್ಚುವ ಜಾಗ ತಪ್ಪಿರಬಹುದು, ಅವಧಿ ಮೀರಿದ ಟ್ಯೂಬ್ ಇರಬಹುದು.

ಹಂತ 8: ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಫ್ಲೋರೋಯುರಾಸಿಲ್ ಹಚ್ಚುವಾಗ ತೀವ್ರ ಹೊಟ್ಟೆನೋವು, ರಕ್ತ ಬೆರೆತ ಭೇದಿ, ವಾಂತಿ, ಚಳಿಜ್ವರ, ಬಾಯಿಹುಣ್ಣು ಕಾಣಿಸಿಕೊಂಡರೆ ಅದು ಡಿಪಿಡಿ ಕೊರತೆಯ ಸೂಚನೆಯಾಗಿರಬಹುದು. ಆಗ ಮುಲಾಮು ತೊಳೆದು ಅದೇ ದಿನ ಆಸ್ಪತ್ರೆ ಸೇರಬೇಕು, ಮುಲಾಮಿನ ಪೊಟ್ಟಣವನ್ನೂ ಒಯ್ಯಬೇಕು. ಮೇಲೆ ಹಚ್ಚಿದ ಮುಲಾಮಿಗೂ ಹೊಟ್ಟೆಗೂ ಏನು ಸಂಬಂಧ ಎಂದು ಕಾಯುತ್ತಾ ಕೂರುವುದು ಪ್ರಾಣಕ್ಕೆ ಕುತ್ತು ತರಬಹುದು.

ದಟ್ಟ ಕೀವು, ಕೆಟ್ಟ ವಾಸನೆ, ಹಚ್ಚಿದ ಗಡಿ ದಾಟಿ ದಿನದಿಂದ ದಿನಕ್ಕೆ ಹರಡುವ ಕೆಂಪು, ಮುಟ್ಟಿದರೆ ಸುಡುವ ಬಿಸಿ, ಇದ್ದಕ್ಕಿದ್ದಂತೆ ಹೆಚ್ಚಿದ ನೋವು ಸೋಂಕಿನ ಗುರುತುಗಳು. ಮುಖ, ತುಟಿ ಊದಿಕೊಂಡು ಉಸಿರಾಡಲು ಕಷ್ಟವಾದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಧಾವಿಸಿ. ಕಣ್ಣಿಗೆ ತಾಗಿದರೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ಕಣ್ಣಿನ ವೈದ್ಯರನ್ನು ಕಾಣಿ. ಇಮಿಕ್ವಿಮೋಡ್ ಹಚ್ಚುವವರಿಗೆ ಸೌಮ್ಯ ಜ್ವರ ಬಂದು ಹೋಗಬಹುದು. ಏಳಲಾಗದಷ್ಟು ಸುಸ್ತಾದರೆ ಮುಂದಿನ ರಾತ್ರಿ ಹಚ್ಚದೆ ವೈದ್ಯರಿಗೆ ಕರೆ ಮಾಡಿ.

ಹಂತ 9: ನಿಲ್ಲಿಸುವ ತಾರೀಖಿನ ನಂತರ

ತಾರೀಖು ಬಂದ ದಿನ ನಿಲ್ಲಿಸಿ. ನಡುವೆ ಬಿಟ್ಟ ಹೊತ್ತುಗಳನ್ನು ತುಂಬಿಸಲೆಂದು ತಾವಾಗಿ ಮುಂದುವರಿಸಬಾರದು. ಉಳಿದ ಮುಲಾಮನ್ನು ಇನ್ನೊಬ್ಬರಿಗೆ ಕೊಡದೆ, ಪೊಟ್ಟಣದಲ್ಲಿ ಕಟ್ಟಿ, ಪ್ರಾಣಿಗಳು ಕೆದಕದಂತೆ ವಿಲೇವಾರಿ ಮಾಡಿ. ಹೊಸ ಚರ್ಮ ಬಂದ ಮೇಲೂ ಹಲವು ತಿಂಗಳು ಆ ಜಾಗವನ್ನು ಬಿಸಿಲಿನಿಂದ ಕಾಪಾಡಬೇಕು; ಈಗ ಸನ್‌ಸ್ಕ್ರೀನ್ ಹಚ್ಚಬಹುದು.

ಕಂದು ಚರ್ಮದಲ್ಲಿ ಆ ಜಾಗ ಸುತ್ತಲಿಗಿಂತ ಕಪ್ಪಾಗಿ ಉಳಿಯುವುದು ಸಾಮಾನ್ಯ, ನಿಧಾನವಾಗಿ ತಿಳಿಯಾಗುತ್ತದೆ. ಇಮಿಕ್ವಿಮೋಡ್ ಹಚ್ಚಿದಲ್ಲಿ ಬಣ್ಣ ಹೋಗಿ ಬಿಳಿಚಿಕೊಳ್ಳುವುದೂ ಉಂಟು, ಅದು ಕೆಲವೊಮ್ಮೆ ಹಾಗೆಯೇ ಉಳಿಯುತ್ತದೆ. ಮುಖದ ಮೇಲೆ ಹಚ್ಚುವವರಿಗೆ ಈ ಮಾತನ್ನು ಆರಂಭದಲ್ಲೇ ಹೇಳಿಬಿಡುವುದು ನ್ಯಾಯ ಎಂದು ನನ್ನ ಅಭಿಪ್ರಾಯ.

ಗುಣವಾಯಿತೇ ಎಂದು ನೋಡುವುದು ಮುಲಾಮು ನಿಲ್ಲಿಸಿದ ವಾರದಲ್ಲಲ್ಲ, ಉರಿಯೂತ ಪೂರ್ತಿ ಇಳಿದ ಮೇಲೆ. ಇಮಿಕ್ವಿಮೋಡಿನಿಂದ ಬೇಸಲ್ ಸೆಲ್ ಕಾರ್ಸಿನೋಮ ಚಿಕಿತ್ಸೆಯಾದವರನ್ನು ಸುಮಾರು 12 ವಾರಗಳ ನಂತರ ಪರೀಕ್ಷಿಸುತ್ತಾರೆ. ಗಾಯ ಮಾಯ್ದ ಖುಷಿಯಲ್ಲಿ ಈ ಭೇಟಿಯನ್ನೇ ತಪ್ಪಿಸುವವರು ಬಹಳ. ಮುಲಾಮು ಕೊಂಡ ದಿನವೇ ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದು, ಅರ್ಧ ದಿನದ ರಜೆಯನ್ನೂ ಹೇಳಿಟ್ಟಿರಿ. ಹೋಗುವಾಗ ಬಯಾಪ್ಸಿ ವರದಿ, ಮೊದಲ ದಿನದ ಫೋಟೊ, ವಾರವಾರದ ಫೋಟೊ ಜೊತೆಗಿರಲಿ. ಮಾಯ್ದ ಜಾಗದ ಅಂಚಿನಲ್ಲಿ ಮತ್ತೆ ಒರಟು ಸಿಪ್ಪೆ, ಮುತ್ತಿನಂತೆ ಹೊಳೆಯುವ ಉಬ್ಬು, ಆರದ ಹುಣ್ಣು ಅಥವಾ ಬೆರಳಿಗೆ ಸಿಗುವ ಗಟ್ಟಿ ಗಂಟು ಕಂಡರೆ ಮನೆಯಲ್ಲಿ ಉಳಿದಿರುವ ಟ್ಯೂಬಿಗೆ ಕೈ ಹಾಕದೆ ಮತ್ತೊಂದು ಬಯಾಪ್ಸಿ ಬೇಕೇ ಎಂದು ಕೇಳಿ.